ವೇಸ್ಟ್ ಪೈಪ್‌ನಲ್ಲಿ ಹರಿಯೋ ಕರೆಂಟು

ಮನೆಯಲ್ಲಿ ಆರ್‌ಒ ಮೆಷಿನ್ ಇದ್ದವರಿಗೆಲ್ಲ ಅದರ ವೇಸ್ಟ್ ಪೈಪ್ ಗೊತ್ತಿರುತ್ತೆ. ಒಂದು ಲೀಟರ್ ಕುಡಿಯೋ ನೀರು ಬರುವಷ್ಟರಲ್ಲಿ ಎರಡು ಮೂರು ಲೀಟರ್ ಆ ಪೈಪ್‌ನಲ್ಲಿ ಸಿಂಕಿಗೆ ಹೋಗಿರುತ್ತೆ. ಸ್ವಲ್ಪ ಜವಾಬ್ದಾರಿ ಇರೋರು ಅದಕ್ಕೊಂದು ಬಕೆಟ್ ಇಟ್ಟು ನೆಲ ಒರೆಸೋಕೆ ಬಳಸ್ತಾರೆ. ಅಲ್ಲಿಗೆ ಆ ಪೈಪಿನ ಕಥೆ ಮುಗೀತು.

ಸಮುದ್ರದ ನೀರನ್ನು ಕುಡಿಯೋ ನೀರು ಮಾಡುವ ಪ್ಲಾಂಟ್‌ಗಳಲ್ಲೂ ಇರೋದು ಇದೇ ರಿವರ್ಸ್ ಆಸ್ಮೋಸಿಸ್. ಅಲ್ಲೂ ಒಂದು ವೇಸ್ಟ್ ಪೈಪ್ ಇದೆ. ಆದರೆ ಅದರಲ್ಲಿ ಬರೋ ಗಟ್ಟಿ ಉಪ್ಪುನೀರಿನ ಒತ್ತಡ ಸುಮಾರು 58 ಬಾರ್. ಸೀಟಿ ಹೊಡೆಯೋ ಹೊತ್ತಿಗೆ ಕುಕ್ಕರ್ ಒಳಗಿನ ಹೆಚ್ಚುವರಿ ಒತ್ತಡ ಸುಮಾರು 1 ಬಾರ್ ಅಂದರೆ ಅಂದಾಜು ಸಿಗಬಹುದು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳೋದಾದರೆ, ಅಷ್ಟು ಒತ್ತಡ ಬರಬೇಕಂದ್ರೆ ನೀರನ್ನು 580 ಮೀಟರ್ ಎತ್ತರಕ್ಕೆ ನಿಲ್ಲಿಸಬೇಕು. ಜೋಗದ ಎತ್ತರ 253 ಮೀಟರ್. ಎರಡು ಜೋಗವನ್ನ ಒಂದರ ಮೇಲೊಂದು ಇಟ್ಟರೂ ಸಾಲದಷ್ಟು ಮೇಲಿನಿಂದ ಧುಮುಕೋ ನೀರಿನ ಶಕ್ತಿ ಆ ವೇಸ್ಟ್ ಪೈಪ್‌ನಲ್ಲಿರುತ್ತೆ. ಅದನ್ನ ಹಾಗೇ ಒಂದು ವಾಲ್ವ್ ತೆರೆದು ಸಮುದ್ರಕ್ಕೆ ಬಿಟ್ಟುಬಿಟ್ಟರೆ? ಶುರುವಿನ ವರ್ಷಗಳಲ್ಲಿ ಬಿಡ್ತಾನೂ ಇದ್ರು.

ನಮ್ಮ ಕಡೆ ಅಂದೆನಲ್ಲ, ನಾನು ಸಾಗರ ತಾಲ್ಲೂಕಿನ ಕಾರ್ಗಲ್‌ನವಳು. ಬೆಳೆದಿದ್ದು ಪವರ್‌ಹೌಸ್ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಶರಾವತಿ ಪವರ್‌ಹೌಸ್‌ನಲ್ಲಿ ಟರ್ಬೈನ್ ಕಡೆ ಟೆಕ್ನಿಷಿಯನ್ ಆಗಿದ್ದ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಕ್ಲಾಸಿನಲ್ಲಿ ಹುಡುಗೀರು ನಾವು ನಾಲ್ಕೇ ಜನ. ಸಿಕ್ಕಿದ್ದು ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷ ಓದಿದ ಥರ್ಮೋಡೈನಾಮಿಕ್ಸ್ ಬಿಟ್ಟು ಬ್ಯಾಂಕಿನವರ ಪೇಮೆಂಟ್ ಸಿಸ್ಟಂಗೆ ಕೋಡ್ ಬರೀತೀನಿ ಅಂತ ಅಪ್ಪನಿಗೆ ಒಳಗೊಳಗೇ ಬೇಜಾರು. "ಕೈಗೆ ಗ್ರೀಸ್ ಹತ್ತದೇ ಇರೋದೂ ಒಂದು ಇಂಜಿನಿಯರಿಂಗಾ?" ಅಂತ ಒಂದೆರಡು ಸಲ ಕೇಳಿದ್ದ.

ಆ ಕೆಲಸ ನನ್ನನ್ನ ಚೆನ್ನೈಗೆ ಕರ್ಕೊಂಡು ಹೋಯ್ತು. ಓಎಂಆರ್ ರಸ್ತೆ, ಶೋಳಿಂಗನಲ್ಲೂರ್. 2019ರ ಜೂನ್ ನೆನಪಿದೆಯಾ? ಊರಿಗೆ ನೀರು ಕೊಡೋ ನಾಲ್ಕು ಕೆರೆಗಳು, ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ಎಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಓಎಂಆರ್‌ನ ಎಷ್ಟೋ ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂತ ಹೇಳಿದ್ದವು. ಕೊರೋನಾ ಬರೋದಕ್ಕೂ ಮುಂಚೆ, ನೀರಿಲ್ಲ ಅನ್ನೋ ಒಂದೇ ಕಾರಣಕ್ಕೆ. ನಮ್ಮ ಅಪಾರ್ಟ್‌ಮೆಂಟ್‌ಗೆ ಪೈಪ್ ಕನೆಕ್ಷನ್ ಇರಲಿಲ್ಲ, ಎಲ್ಲ ಟ್ಯಾಂಕರ್. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಲ್ಲಿ ಬರೋದು. ರಾತ್ರಿ ಪಾತ್ರೆ ಸಿಂಕ್‌ನಲ್ಲೇ ಬಿದ್ದಿರೋದು.

ಇದನ್ನ ಟಿವಿಯಲ್ಲಿ ನೋಡಿ ಅಮ್ಮ ತಡೀಲಾರದೆ ಅಪ್ಪನನ್ನ ಹೊರಡಿಸಿಕೊಂಡು ಬಂದಳು. ತಾಳಗುಪ್ಪದಲ್ಲಿ ಟ್ರೈನ್ ಹತ್ತಿ ಬೆಂಗಳೂರು, ಅಲ್ಲಿಂದ ಚೆನ್ನೈ. ಬರುವಾಗ ಹಪ್ಪಳ, ಉಪ್ಪಿನಕಾಯಿ ಜೊತೆ ಐದು ಲೀಟರ್ ಕ್ಯಾನಿನಲ್ಲಿ ಬಾವಿ ನೀರು! ಸೆಕ್ಯುರಿಟಿಯವನು ಅದನ್ನ ನೋಡಿ ನಗಲಿಲ್ಲ ಅನ್ನೋದು ಆ ಬೇಸಿಗೆ ಹೇಗಿತ್ತು ಅಂತ ಹೇಳುತ್ತೆ.

ಮೊದಲ ದಿನ ಸಂಜೆ ಟೆರೇಸ್‌ಗೆ ಹೋದ್ವಿ. ಅಲ್ಲಿಂದ ಬಂಗಾಳ ಕೊಲ್ಲಿಯ ಒಂದು ನೀಲಿ ಗೆರೆ ಕಾಣುತ್ತೆ. ಅಮ್ಮ ಕೇಳಿದಳು, "ಅಷ್ಟು ನೀರು ಅಲ್ಲೇ ಬಿದ್ದಿದೆಯಲ್ಲೇ, ಅದನ್ನ ಏನೂ ಮಾಡೋಕಾಗಲ್ವಾ?"

"ಮಾಡ್ತಾರಮ್ಮ. ಇಲ್ಲಿ ಎರಡು ಪ್ಲಾಂಟ್ ಇದೆ" ಅಂದೆ. ಉತ್ತರಕ್ಕೆ ಮಿಂಜೂರು, 2010ರಲ್ಲಿ ಶುರುವಾಗಿದ್ದು. ದಕ್ಷಿಣಕ್ಕೆ ನೆಮ್ಮೇಲಿ, 2013ರದ್ದು. ಎರಡೂ ದಿನಕ್ಕೆ ತಲಾ 10 ಕೋಟಿ ಲೀಟರ್ ಮಾಡುವಂಥವು. ಕೆರೆಗಳು ಬತ್ತಿದ ಆ ದಿನಗಳಲ್ಲಿ ಊರಿಗೆ ನಂಬಿಕೆಯಿಂದ ಸಿಗ್ತಾ ಇದ್ದಿದ್ದು ಇವೆರಡರ ನೀರು. ಮಳೆ ಬರಲಿ ಬಿಡಲಿ, ಸಮುದ್ರ ಬತ್ತಲ್ಲವಲ್ಲ.

ಅಪ್ಪ ಸುಮ್ಮನೆ ಕೇಳಿಸಿಕೊಳ್ತಾ ಇದ್ದವನು ಒಂದೇ ಪ್ರಶ್ನೆ ಹಾಕಿದ: "ಸಾವಿರ ಲೀಟರಿಗೆ ಎಷ್ಟು ಯೂನಿಟ್ ತಿನ್ನುತ್ತೆ?"

ಈ ಪ್ರಶ್ನೆ ಅಪ್ಪನ ಬಾಯಿಂದಲೇ ಬರಬೇಕು. ಲಿಂಗನಮಕ್ಕಿ ಡ್ಯಾಂ ಮುಗಿದಿದ್ದು 1964ರಲ್ಲಿ. ಅಜ್ಜನ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಅದರೊಳಗೆ ಹೋಯ್ತು. ಅಪ್ಪನಿಗೆ ಆಗ ನಾಲ್ಕು ವರ್ಷ. ನಮ್ಮ ಕಡೆ ಅದಕ್ಕೆ 'ಮುಳುಗಡೆ' ಅಂತಲೇ ಹೆಸರು. ಮದುವೆ ಮಾತುಕತೆಯಲ್ಲೂ 'ಅವರು ಮುಳುಗಡೆಯವರು' ಅಂತ ಹೇಳೋರು. ಸಾವಿರಾರು ಕುಟುಂಬ ಹೀಗೆ ಎದ್ದು ಹೋದವು. ನೀರು ತುಂಬ ಇಳಿದ ವರ್ಷ ಹಳೇ ಮಡೆನೂರು ಡ್ಯಾಂ ಮೇಲೆ ಬರುತ್ತೆ. ಹೊಸ ಡ್ಯಾಂ ಒಳಗೆ ಮುಳುಗಿದ ಹಳೇ ಡ್ಯಾಂ ಅದು. ಅಪ್ಪ ಒಮ್ಮೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಕೆಸರಿನ ಆಚೆ ಎಲ್ಲೋ ಕೈ ತೋರಿಸಿ "ಅಂದಾಜು ಅಲ್ಲಿ ನಮ್ಮ ಅಂಗಳ" ಅಂದಿದ್ದ. ಮುಂದೆ ಅದೇ ನೀರಿನಿಂದ ತಿರುಗೋ ಟರ್ಬೈನ್ ನೋಡಿಕೊಳ್ಳೋ ಕೆಲಸ ಸಿಕ್ಕಿ ಮೂವತ್ತು ಚಿಲ್ಲರೆ ವರ್ಷ ಮಾಡಿದ. ಹೀಗಾಗಿ ಅವನಿಗೆ ಯೂನಿಟ್ ಅಂದ್ರೆ ಬಿಲ್ಲಿನ ಮೇಲಿನ ಅಂಕಿ ಮಾತ್ರ ಆಗಿರಲಿಲ್ಲ. ಮೇಲಿನ ಸಾವಿರ ಲೀಟರ್ ನೀರು ಪೆನ್‌ಸ್ಟಾಕ್‌ನಲ್ಲಿ ಇಳಿದು ಬಂದರೆ ಹೆಚ್ಚುಕಮ್ಮಿ ಒಂದು ಯೂನಿಟ್. ಅದು ಅವನ ಅಳತೆಗೋಲು.

"ಈಗ ಮೂರೂವರೆ ಅಂದ್ಕೋ. ಮೊದಲಿನ ಹಾಗೆ ಮಾಡಿದ್ರೆ ಆರು ಆಗ್ತಿತ್ತು" ಅಂದೆ.

"ಮಧ್ಯೆ ಏನು ಮಾಡಿದ್ರು?"

ಅದನ್ನ ಹೇಳೋಕೆ ನನಗೆ ಮೂರು ಸಂಜೆ ಬೇಕಾಯ್ತು. ಇಲ್ಲಿ ಸ್ವಲ್ಪ ಚಿಕ್ಕದಾಗಿ ಹೇಳ್ತೀನಿ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ನಡುವೆ ಒಂದು ಪೊರೆ ಇಟ್ಟು ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಸಮುದ್ರದ ನೀರು ಹಾಕಿದರೆ ಸಿಹಿನೀರು ಉಪ್ಪಿನ ಕಡೆಗೆ ನುಗ್ಗುತ್ತೆ. ಒಣದ್ರಾಕ್ಷಿ ನೆನೆಹಾಕಿದರೆ ಉಬ್ಬುತ್ತಲ್ಲ, ಅದೇ ಆಟ. ಇದನ್ನ ಉಲ್ಟಾ ಮಾಡಬೇಕಂದ್ರೆ ಉಪ್ಪಿನ ಕಡೆಯಿಂದ ಒತ್ತಬೇಕು. ಸಮುದ್ರದ ನೀರಿಗೆ ಬರೀ ಆ ಎಳೆತವನ್ನ ಸರಿದೂಗಿಸೋಕೇ 27 ಬಾರ್ ಹತ್ತಿರ ಬೇಕು. ನೀರು ಹೊರಗೆ ಬರ್ತಾ ಬರ್ತಾ ಉಳಿದಿದ್ದು ಇನ್ನೂ ಉಪ್ಪಾಗುತ್ತೆ, ಒತ್ತಡ ಇನ್ನೂ ಹೆಚ್ಚು ಬೇಕಾಗುತ್ತೆ. ಹೀಗಾಗಿ ಪ್ಲಾಂಟ್‌ಗಳು 55ರಿಂದ 70 ಬಾರ್‌ನಲ್ಲಿ ಓಡ್ತವೆ. ಈ ಪೊರೆಯನ್ನ ಕೆಲಸಕ್ಕೆ ಬರೋ ಹಾಗೆ ಮೊದಲು ಮಾಡಿದವರು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್, 1960ರ ಸುಮಾರಿಗೆ. ಸೌರಿರಾಜನ್ ಅನ್ನೋ ಹೆಸರು ಕೇಳಿ ಅಪ್ಪ "ಓ, ನಮ್ಮವನೇ!" ಅಂದ. ಎಲ್ಲ ಕಡೆ ನಮ್ಮವರನ್ನ ಹುಡುಕೋದು ಅಪ್ಪಂದಿರ ಜನ್ಮಸಿದ್ಧ ಹಕ್ಕು.

ಈಗ ಲೆಕ್ಕ. ನಾನು ಹಳೇ ಹಿಂದೂ ಪೇಪರಿನ ಅಂಚಿನಲ್ಲಿ ಅಪ್ಪನಿಗೆ ಬರೆದು ತೋರಿಸಿದ್ದು ಇದು. ಸಾವಿರ ಲೀಟರ್ ಸಿಹಿನೀರು ಬೇಕಂದ್ರೆ ಸುಮಾರು 2500 ಲೀಟರ್ ಸಮುದ್ರದ ನೀರು ಒಳಗೆ ಹೋಗಬೇಕು. ಅಷ್ಟನ್ನೂ 60 ಬಾರ್‌ಗೆ ಏರಿಸೋಕೆ, ಪಂಪು ಮೋಟಾರುಗಳ ನಷ್ಟ ಸೇರಿ, 5 ಯೂನಿಟ್ ಹತ್ತಿರ ಬೇಕು. ಉಳಿದ 1500 ಲೀಟರ್ ಉಪ್ಪುನೀರು ಪೊರೆಯ ಪಕ್ಕದಲ್ಲೇ ಹರಿದು ಆಚೆ ಬರುತ್ತೆ. ದಾರಿಯಲ್ಲಿ ಅದು ಕಳಕೊಳ್ಳೋದು ಒಂದೋ ಎರಡೋ ಬಾರ್ ಅಷ್ಟೇ. ಹಾಗಾದ್ರೆ ಅದರಲ್ಲಿ ಇನ್ನೂ ಉಳಿದಿರೋ ಶಕ್ತಿ? 2.4 ಯೂನಿಟ್. ಹಾಕಿದ್ದರಲ್ಲಿ ಅರ್ಧದ ಹತ್ತಿರ.

"ಬೇವರ್ಸಿ ಬಿಟ್ಟ ಹಾಗಾಯ್ತಲ್ಲ!" ಅಂದ ಅಪ್ಪ. "ಒಂದು ಪೆಲ್ಟನ್ ವೀಲ್ ಕೂರಿಸೋಕೇನು ದಾಡಿ?"

ಕೂರಿಸಿದ್ರು. 1980ರ ದಶಕದಲ್ಲಿ ದೊಡ್ಡ ಪ್ಲಾಂಟ್‌ಗಳು ಮಾಡಿದ್ದು ಅದನ್ನೇ. ಶರಾವತಿಯಲ್ಲಿ ಇರೋದೂ ಪೆಲ್ಟನ್ ಚಕ್ರವೇ: ಸುತ್ತಲೂ ಬಟ್ಟಲುಗಳಿರೋ ಚಕ್ರ, ನೀರಿನ ಧಾರೆ ಬಟ್ಟಲಿಗೆ ಬಡಿದು ಅದನ್ನ ತಿರುಗಿಸುತ್ತೆ. ಡಿಸಲಿನೇಷನ್ ಪ್ಲಾಂಟಿನಲ್ಲಿ ಆ ಚಕ್ರವನ್ನ ಹೈ ಪ್ರೆಶರ್ ಪಂಪಿನ ಶಾಫ್ಟಿಗೇ ಜೋಡಿಸ್ತಾರೆ. ಒಂದು ಕಡೆ ಮೋಟಾರು, ಇನ್ನೊಂದು ಕಡೆ ಚಕ್ರ, ಇಬ್ಬರೂ ಸೇರಿ ಪಂಪ್ ತಿರುಗಿಸೋದು. ಇದನ್ನ ಕೇಳಿ ಅಪ್ಪನ ಮುಖ ನೋಡಬೇಕಿತ್ತು. ತನ್ನ ಕಡೆಯವರು ದುಬೈನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ ಅಂತ ಗೊತ್ತಾದ ಹಾಗೆ.

ಆದರೆ ಇದರಲ್ಲೊಂದು ಸೋರಿಕೆ ಇದೆ. ನೀರಿನ ಒತ್ತಡ ಚಕ್ರದ ತಿರುಗಾಟ ಆಗಬೇಕು, ಆ ತಿರುಗಾಟ ಪಂಪಿನ ಮೂಲಕ ಮತ್ತೆ ನೀರಿನ ಒತ್ತಡ ಆಗಬೇಕು. ಎರಡು ಸಲ ವೇಷ ಬದಲಾಯಿಸಬೇಕು, ಪ್ರತಿ ಸಲ ಹತ್ತು ಹದಿನೈದು ಪರ್ಸೆಂಟ್ ಕೈಬಿಟ್ಟು ಹೋಗುತ್ತೆ. ಕೊನೆಗೆ ನಾಲ್ಕರಲ್ಲಿ ಮೂರು ಪಾಲು ಕೈಗೆ ಸಿಕ್ಕರೆ ಪುಣ್ಯ. ರೂಪಾಯಿನ ಡಾಲರ್ ಮಾಡಿ ಮತ್ತೆ ರೂಪಾಯಿ ಮಾಡಿದ ಹಾಗೆ, ಎರಡೂ ಕಡೆ ಕಮಿಷನ್.

ಒತ್ತಡಾನ ಒತ್ತಡವಾಗಿಯೇ ಕೈಬದಲಾಯಿಸಿದರೆ ಆಗಲ್ವಾ? ಚಕ್ರ, ಶಾಫ್ಟ್ ಏನೂ ಬೇಡ, ಹೊರಗೆ ಹೋಗೋ ನೀರೇ ಒಳಗೆ ಬರೋ ನೀರನ್ನ ತಳ್ಳಲಿ. ಇದಕ್ಕೆ ಎರಡು ದಾರಿ ಹುಟ್ಟಿಕೊಂಡವು. ಒಂದು, ಉದ್ದದ ಎರಡು ದಪ್ಪ ಪೈಪ್, ಒಳಗೆ ಪಿಸ್ಟನ್. ಒಂದು ಪೈಪ್‌ನಲ್ಲಿ ಉಪ್ಪುನೀರು ಹೊಸ ನೀರನ್ನ ತಳ್ತಾ ಇರುವಾಗ ಇನ್ನೊಂದರಲ್ಲಿ ಹೊಸ ನೀರು ತುಂಬುತ್ತೆ, ಆಮೇಲೆ ವಾಲ್ವ್ ಅದಲು ಬದಲು. ಇಸ್ರೇಲಿನ ಅಷ್ಕೆಲಾನ್‌ನಲ್ಲಿ 2005ರಲ್ಲಿ ಶುರುವಾದ ದೊಡ್ಡ ಪ್ಲಾಂಟಿನಲ್ಲಿ ಇರೋದು ಇಂಥದ್ದು. ಇದು ಅಪ್ಪನಿಗೆ ತಕ್ಷಣ ಹಿಡಿಸಿತು. "ಇದು ಬುದ್ಧಿ. ಸೈಕಲ್ ಪಂಪ್ ಇದ್ದ ಹಾಗೆ."

ಎರಡನೆಯದನ್ನ ಮಾತ್ರ ಅಪ್ಪ ನಂಬೋಕೇ ತಯಾರಿರಲಿಲ್ಲ. ನನಗೆ ತುಂಬ ಇಷ್ಟವಾಗಿರೋದು ಅದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ತೀನಿ.

ಬೆಂಡೆಕಾಯಿನ ಅಡ್ಡ ಕತ್ತರಿಸಿದರೆ ನಡುವೆ ಸುತ್ತಲೂ ಕೋಣೆಗಳು ಕಾಣ್ತವಲ್ಲ, ಹಾಗಿರೋ ಒಂದು ಸೆರಾಮಿಕ್ ಸಿಲಿಂಡರ್ ಊಹಿಸಿಕೊಳ್ಳಿ. ಕೋಣೆಗಳು ಈ ತುದಿಯಿಂದ ಆ ತುದಿಗೆ ಉದ್ದಕ್ಕೂ ಹೋಗೋ ಕೊಳವೆಗಳು. ಎರಡೂ ತುದಿಗೆ ಒಂದೊಂದು ಸೆರಾಮಿಕ್ ಮುಚ್ಚಳ, ಮುಚ್ಚಳದ ಅರ್ಧ ಭಾಗ ಹೈ ಪ್ರೆಶರ್ ಕಡೆಗೆ ತೆರೆದಿದೆ, ಇನ್ನರ್ಧ ಲೋ ಪ್ರೆಶರ್ ಕಡೆಗೆ. ಬೆಂಡೆಕಾಯಿ ತಿರುಗ್ತಾ ಇರುತ್ತೆ. ಒಂದು ಕೋಣೆ ಲೋ ಪ್ರೆಶರ್ ಕಡೆ ಬಂದಾಗ ಹೊಸ ಸಮುದ್ರದ ನೀರು ಒಂದು ತುದಿಯಿಂದ ನುಗ್ಗಿ, ಒಳಗಿದ್ದ ಹಳೇ ಉಪ್ಪುನೀರನ್ನ ಇನ್ನೊಂದು ತುದಿಯಿಂದ ಆಚೆ ಹಾಕುತ್ತೆ. ಅರ್ಧ ಸುತ್ತು ತಿರುಗಿ ಅದೇ ಕೋಣೆ ಹೈ ಪ್ರೆಶರ್ ಕಡೆ ಬಂತು ಅಂದ್ಕೊಳ್ಳಿ. ಈಗ ಪೊರೆಯಿಂದ ಬಂದ 58 ಬಾರ್‌ನ ಉಪ್ಪುನೀರು ಹಿಂದಿನಿಂದ ಬಂದು ಗುದ್ದುತ್ತೆ, ಒಳಗಿದ್ದ ಹೊಸ ನೀರು ಅದೇ ಒತ್ತಡದಲ್ಲಿ ಪೊರೆಯ ಕಡೆ ಹೋಗುತ್ತೆ. ದಾರಿಯಲ್ಲಿ ಕಳೆದುಹೋದ ಎರಡು ಮೂರು ಬಾರ್ ತುಂಬೋಕೆ ಒಂದು ಸಣ್ಣ ಬೂಸ್ಟರ್ ಪಂಪ್ ಸಾಕು. ದೊಡ್ಡ ಪಂಪ್ ಒತ್ತಬೇಕಾದ್ದು 2500 ಲೀಟರ್ ಅಲ್ಲ, ಹೊರಗೆ ಬರೋ ಆ ಸಾವಿರ ಲೀಟರಿನಷ್ಟು ಮಾತ್ರ. 5 ಯೂನಿಟ್ ಇದ್ದದ್ದು ಎರಡು ಚಿಲ್ಲರೆಗೆ ಇಳಿಯೋದು ಹೀಗೆ. ಸಮುದ್ರದಿಂದ ನೀರೆತ್ತೋದು, ಮರಳು ಕೊಳೆ ಸೋಸೋದು, ಊರಿಗೆ ಕಳಿಸೋದು ಎಲ್ಲ ಸೇರಿ ಒಟ್ಟು ಮೂರರಿಂದ ನಾಲ್ಕು.

"ನಿಲ್ಲು ನಿಲ್ಲು. ಪಿಸ್ಟನ್ ಎಲ್ಲಿ?" ಅಪ್ಪ.

"ಇಲ್ಲ."

"ಮತ್ತೆ ಉಪ್ಪುನೀರು, ಹೊಸ ನೀರು ಒಂದಕ್ಕೊಂದು ತಾಗುತ್ತಾ?"

"ತಾಗುತ್ತೆ."

"ಬೆರೆತು ಹೋಗಲ್ವಾ ಮಾರಾಯ್ತಿ!"

ಸ್ವಲ್ಪ ಬೆರೆಯುತ್ತೆ. ಆದರೆ ಅದು ನಿಮಿಷಕ್ಕೆ 1200 ಸುತ್ತಿನವರೆಗೂ ತಿರುಗುತ್ತೆ, ಸೆಕೆಂಡಿಗೆ 20. ಒಂದು ಕೋಣೆಯೊಳಗೆ ಎರಡು ನೀರು ಮುಖಾಮುಖಿ ಆಗಿರೋದು ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು. ನಡುವೆ ಬೆರೆತ ನೀರಿನ ಒಂದು ತುಂಡು ಹುಟ್ಟಿಕೊಂಡು ಅದೇ ಪಿಸ್ಟನ್ ಥರ ಹಿಂದೆ ಮುಂದೆ ಓಡಾಡ್ತಾ ಇರುತ್ತೆ. ಇದರಿಂದ ಪೊರೆಗೆ ಹೋಗೋ ನೀರಿನ ಉಪ್ಪು ಎರಡು ಮೂರು ಪರ್ಸೆಂಟ್ ಏರುತ್ತೆ ಅಷ್ಟೆ.

ಅಮ್ಮ ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ದಳು. "ಸಿಟಿ ಬಸ್ ಇದ್ದ ಹಾಗೇ ಅಲ್ವೇನೆ? ಹಿಂದಿನ ಬಾಗಿಲಲ್ಲಿ ಹತ್ತೋರು ನೂಕಿದ್ರೆ ಮುಂದಿನ ಬಾಗಿಲಲ್ಲಿ ಇಳಿಯೋರು ತಾವಾಗೇ ಇಳೀತಾರೆ. ಮಧ್ಯೆ ನಿಂತವನು ಮಧ್ಯೆನೇ ಇರ್ತಾನೆ" ಅಂದಳು. ನಾನು ಇದರ ಬಗ್ಗೆ ಓದಿದ ಎಷ್ಟೋ ವಿವರಣೆಗಳಿಗಿಂತ ಇದು ಚೆನ್ನಾಗಿದೆ.

ಇದನ್ನ ಕಂಡುಹಿಡಿದವನು ಲೈಫ್ ಹಾಗೆ ಅನ್ನೋ ನಾರ್ವೆಯವನು. ಇದಕ್ಕಂತಲೇ 1992ರಲ್ಲಿ ಎನರ್ಜಿ ರಿಕವರಿ ಅನ್ನೋ ಕಂಪನಿ ಹುಟ್ಟಿತು, ಈಗ ಕ್ಯಾಲಿಫೋರ್ನಿಯಾದಲ್ಲಿದೆ. ಒತ್ತಡದಲ್ಲಿ 98 ಪರ್ಸೆಂಟ್‌ವರೆಗೆ ಇದು ವಾಪಸ್ ಕೊಡುತ್ತೆ. ಆಸ್ಟ್ರೇಲಿಯಾದ ಪರ್ತ್ ಊರಿನವರು 2006ರಲ್ಲಿ ಕ್ವಿನಾನಾ ಪ್ಲಾಂಟಿಗೆ ಇದನ್ನೇ ಹಾಕಿದರು, ಪ್ಲಾಂಟ್ ತಿನ್ನೋ ಕರೆಂಟಿಗೆ ಲೆಕ್ಕ ಸರಿಹೊಂದಿಸೋಕೆ ಒಂದು ಗಾಳಿ ವಿದ್ಯುತ್ ಘಟಕವನ್ನೂ ಜೋಡಿಸಿಕೊಂಡರು. ಆರು ಯೂನಿಟ್ ತಿನ್ನೋ ಪ್ಲಾಂಟ್ ಆಗಿದ್ದರೆ ಆ ಗಾಳಿಯ ಲೆಕ್ಕ ಕೂಡ್ತಿತ್ತಾ ಅನ್ನೋದು ನನಗೆ ಅನುಮಾನ. ಇವತ್ತು ಇಂಥ ಯಾವುದಾದರೊಂದು ಸಾಧನ ಇಲ್ಲದೆ ಸಮುದ್ರದ ನೀರಿನ ದೊಡ್ಡ ಆರ್‌ಒ ಪ್ಲಾಂಟ್ ಯಾರೂ ಕಟ್ಟೋದಿಲ್ಲ.

ಪೊರೆ ಬಗ್ಗೆ ಎಲ್ಲರೂ ಮಾತಾಡ್ತಾರೆ. ಪೊರೆಯೂ ಈ ವರ್ಷಗಳಲ್ಲಿ ತುಂಬ ಸುಧಾರಿಸಿದೆ, ಇಲ್ಲ ಅನ್ನಲ್ಲ. ಆದರೆ ಸಮುದ್ರದ ನೀರು ಗಲ್ಫ್‌ನಂಥ ಎಣ್ಣೆ ದೇಶಗಳ ಶೋಕಿ ಅನ್ನೋ ಮಾತು ಹೋಗಿ ಚೆನ್ನೈಯಂಥ ಊರಿನ ಕೈಗೆಟುಕಿದ್ದರಲ್ಲಿ ಈ ತಿರುಗೋ ಸೆರಾಮಿಕ್ ತುಂಡಿನ ಪಾಲು ದೊಡ್ಡದು ಅಂತ ನನ್ನ ಅಭಿಪ್ರಾಯ. ಮಂಗಳೂರು ಉಡುಪಿ ಕಡೆಯ ನಮ್ಮ ಜನ ಗಲ್ಫ್‌ನಲ್ಲಿ ದಶಕಗಳಿಂದ ಸಮುದ್ರದ ನೀರೇ ಕುಡೀತಾ ಇದ್ದಾರೆ, ಆದರೆ ಅಲ್ಲಿ ಬಹುಕಾಲ ಅದನ್ನ ಮಾಡಿದ್ದು ಕುದಿಸಿ, ಆವಿ ಹಿಡಿದು. ಎಣ್ಣೆ ಬಾವಿ ಮನೆ ಹಿತ್ತಲಲ್ಲೇ ಇದ್ದರೆ ಅದೂ ನಡೆಯುತ್ತೆ.

ಚೆನ್ನೈಯ ಆ ಎರಡು ಪ್ಲಾಂಟುಗಳ ಪ್ರಮಾಣಕ್ಕೆ, ದಿನಕ್ಕೆ 20 ಕೋಟಿ ಲೀಟರಿಗೆ, ಲೆಕ್ಕ ಹಾಕಿ. ಸಾವಿರ ಲೀಟರಿಗೆ ಎರಡೂವರೆ ಯೂನಿಟ್ ಉಳಿದರೆ ದಿನಕ್ಕೆ 5 ಲಕ್ಷ ಯೂನಿಟ್. ಅಪ್ಪ ತನ್ನ ಅಳತೆಗೋಲು ತೆಗೆದ. "ಅಂದ್ರೆ ಲಿಂಗನಮಕ್ಕಿಯಿಂದ ದಿನಾ 50 ಕೋಟಿ ಲೀಟರ್ ನೀರು ಕೆಳಗೆ ಇಳಿಯೋದು ಉಳೀತು." ಚೆನ್ನೈಗೆ ಶರಾವತಿ ಕರೆಂಟ್ ಬರಲ್ಲ ಅಪ್ಪ ಅಂತ ಹೇಳೋಕೆ ಬಾಯಿ ತೆಗೆದವಳು ಸುಮ್ಮನಾದೆ. ಅಲ್ಲಿ ಇನ್ನೊಂದು ಊರಿನ ಕಲ್ಲಿದ್ದಲು ಇರುತ್ತೆ, ಅಲ್ಲೂ ಒಬ್ಬ ಅಜ್ಜನ ಮನೆ ಇದ್ದಿರುತ್ತೆ.

ಭಾನುವಾರ ಕಾರು ಮಾಡ್ಕೊಂಡು ಮಹಾಬಲಿಪುರಕ್ಕೆ ಹೊರಟ್ವಿ. ನೆಮ್ಮೇಲಿ ಅದೇ ಈಸಿಆರ್ ರಸ್ತೆಯಲ್ಲೇ ಸಿಗುತ್ತೆ. ಅಪ್ಪ ನಿಲ್ಲಿಸು ಅಂದ. ಒಳಗೆ ಬಿಡೋದಿಲ್ಲ, ಗೊತ್ತಿತ್ತು. ಕಾಂಪೌಂಡ್ ಗೋಡೆ, ಆಚೆ ತಗಡಿನ ಶೆಡ್ಡು, ಅದರಾಚೆ ಸಮುದ್ರ. ಅಪ್ಪ ಗೋಡೆಯ ಪಕ್ಕ ಐದು ನಿಮಿಷ ತಲೆ ವಾಲಿಸಿಕೊಂಡು ನಿಂತಿದ್ದ. "ಪಂಪಿನ ಸದ್ದು ಕೇಳುತ್ತೆ. ಬೇರಿಂಗ್ ಚೆನ್ನಾಗಿದೆ" ಅಂದ. ಅಮ್ಮ ಕಾರಿನೊಳಗೆ ತಲೆ ಚಚ್ಚಿಕೊಂಡಳು.

ಅವರು ವಾಪಸ್ ಊರಿಗೆ ಹೋಗೋ ಹೊತ್ತಿಗೆ ಅಲ್ಲಿ ಬೇರೆ ಗಲಾಟೆ ಶುರುವಾಗಿತ್ತು. ಲಿಂಗನಮಕ್ಕಿ ನೀರನ್ನ ಬೆಂಗಳೂರಿಗೆ ತರ್ತೀವಿ ಅನ್ನೋ ಪ್ರಸ್ತಾಪ. ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಯಾವತ್ತೂ ಯಾವ ಮೆರವಣಿಗೆಗೂ ಹೋಗದ ಅಪ್ಪ, ರಿಟೈರ್ ಆಗೋಕೆ ಒಂದು ವರ್ಷ ಇದ್ದಾಗ, ರಜೆ ಹಾಕಿ ಸಾಗರಕ್ಕೆ ಹೋಗಿ ನಿಂತು ಬಂದ. ರಾತ್ರಿ ಫೋನಿನಲ್ಲಿ, "ಮೊದಲು ಊರು ತಗೊಂಡು ಕರೆಂಟ್ ಮಾಡಿದ್ರು. ಈಗ ನೀರೇ ತಗೊಂಡು ಹೋಗ್ತಾರಂತೆ. ಅದಕ್ಕೂ ಕರೆಂಟ್ ಬೇಕು, ಯಾವ ಊರಿಂದು?" ಅಂದ. ಆ ದನಿಯನ್ನ ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಆಮೇಲೆ ಕೂತು ನಾನೇ ಬೆಂಗಳೂರಿನ ಲೆಕ್ಕ ಹಾಕಿದೆ. ಈಗ ಬರ್ತಿರೋ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತೆ. ಸಾವಿರ ಲೀಟರನ್ನ ಅಷ್ಟು ಎತ್ತೋಕೆ ಏನೂ ನಷ್ಟ ಇಲ್ಲದೆ 1.36 ಯೂನಿಟ್ ಬೇಕು. ಪಂಪಿನ ನಷ್ಟ ಸೇರಿಸಿದರೆ 2ರ ಹತ್ತಿರ. ಹೊಳೆಯ ನೀರು ಪುಕ್ಕಟೆ, ಸಮುದ್ರದ ನೀರು ದುಬಾರಿ ಅಂತ ಎಲ್ಲರೂ ಅಂದುಕೊಂಡಿರ್ತಾರಲ್ಲ, ಎರಡರ ನಡುವೆ ಇರೋ ಅಂತರ ಬರೀ ಒಂದೂವರೆ ಯೂನಿಟ್. ಶಕ್ತಿ ವಾಪಸ್ ಪಡೆಯೋ ಸಾಧನ ಇಲ್ಲದಿದ್ದರೆ ಅದು ನಾಲ್ಕಾಗಿರುತ್ತಿತ್ತು.

ಹಾಗಂತ ಬೆಂಗಳೂರಿಗೆ ಸಮುದ್ರದ ನೀರು ತರೋದಾ ಅಂತ ಆಫೀಸಿನಲ್ಲಿ ಯಾರಾದರೊಬ್ಬರು ಪ್ರತಿ ಬೇಸಿಗೆಯಲ್ಲೂ ಕೇಳ್ತಾರೆ. ಬೇಡ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ. ಮಂಗಳೂರಲ್ಲಿ ಮೂರೂವರೆ ಯೂನಿಟ್ ಕೊಟ್ಟು ಸಿಹಿ ಮಾಡಿದ ನೀರನ್ನ ಘಾಟಿ ಹತ್ತಿಸೋಕೆ ಇನ್ನೊಂದು ಅಷ್ಟೇ ಬೇಕು, 350 ಕಿಲೋಮೀಟರ್ ಪೈಪಿನ ಘರ್ಷಣೆ ಬೇರೆ. ಏಳಕ್ಕಿಂತ ಹೆಚ್ಚಾಗುತ್ತೆ. ಬೆಂಗಳೂರು ತನ್ನ ಮಳೆ, ತನ್ನ ಕೆರೆ, ತನ್ನ ಕೊಳಚೆ ನೀರನ್ನೇ ಶುದ್ಧ ಮಾಡಿ ಬಳಸಿಕೊಳ್ಳೋದು ಇದಕ್ಕಿಂತ ಎಷ್ಟೋ ಅಗ್ಗ. ಸಮುದ್ರದ ನೀರು ಸಮುದ್ರದ ಪಕ್ಕದವರಿಗೇ ಸರಿ. ಮಂಗಳೂರನ್ನೇ ನೋಡಿ: 2012ರಲ್ಲಿ, ಮತ್ತೆ 2016ರಲ್ಲಿ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ ಎಂಆರ್‌ಪಿಎಲ್ ರಿಫೈನರಿಯ ಘಟಕಗಳು ನಿಂತವು. ಈಗ ಅವರು ತಣ್ಣೀರುಬಾವಿಯಲ್ಲಿ ತಮ್ಮದೇ ಸಮುದ್ರ ನೀರಿನ ಪ್ಲಾಂಟ್ ಮಾಡಿಕೊಂಡಿದ್ದಾರೆ. ಜಾಗದ ಹೆಸರು ನೋಡಿ ನನಗೆ ನಗು ಬಂತು. ಅಷ್ಟರ ಮಟ್ಟಿಗೆ ನೇತ್ರಾವತಿ ನೀರು ಊರಿನ ಜನಕ್ಕೆ ಉಳಿಯುತ್ತೆ.

ಇನ್ನು ಎಷ್ಟು ಇಳಿಸಬಹುದು ಅಂತ ಕೇಳಿದ್ರೆ, ಪ್ರಕೃತಿ ಒಂದು ನೆಲ ಹಾಕಿಬಿಟ್ಟಿದೆ. ಸಮುದ್ರದ ನೀರಿನ ಅರ್ಧ ಭಾಗವನ್ನ ಸಿಹಿ ಮಾಡೋಕೆ ಸಾವಿರ ಲೀಟರಿಗೆ ಸುಮಾರು 1 ಯೂನಿಟ್, ಅದಕ್ಕಿಂತ ಕಡಿಮೆ ಯಾವ ಮೆಷಿನ್‌ಗೂ ಆಗಲ್ಲ. ಪೊರೆಯ ಹಂತ ಈಗಾಗಲೇ ಎರಡರ ಆಸುಪಾಸಿಗೆ ಬಂದಿದೆ. ಇನ್ನು ಉಳಿದಿರೋದು ಚೂರುಪಾರು. ವೇಸ್ಟ್ ಪೈಪ್‌ನಲ್ಲಿ ಕರೆಂಟ್ ಸಿಕ್ಕ ಹಾಗೆ ಇನ್ನೊಂದು ದೊಡ್ಡ ಗಂಟು ಎಲ್ಲೂ ಬಚ್ಚಿಟ್ಟಿಲ್ಲ. ಮತ್ತೆ ಆ ಪೈಪ್‌ನಲ್ಲಿ ಒತ್ತಡ ತೆಗೆದುಕೊಂಡ ಮೇಲೂ ಉಪ್ಪು ಹಾಗೇ ಇರುತ್ತೆ, ಲೀಟರಿಗೆ 58 ಗ್ರಾಂ ಹತ್ತಿರ. ಅದು ಸಮುದ್ರಕ್ಕೇ ಹೋಗುತ್ತೆ. ಸರಿಯಾಗಿ ಚದುರಿಸಿ ಬಿಡದಿದ್ದರೆ ತಳದಲ್ಲಿ ಕೂರುತ್ತೆ. ಚೆನ್ನೈ ತೀರದ ಮೀನುಗಾರರು ಇದರ ಬಗ್ಗೆ ಆಕ್ಷೇಪ ಎತ್ತಿದ್ದುಂಟು. ಅದು ಹಗುರವಾಗಿ ತಳ್ಳಿಹಾಕೋ ಮಾತಲ್ಲ. ಮುಳುಗಡೆ ಮನೆಯ ಮಗಳಾಗಿ, ಊರಿಗೆ ಒಳ್ಳೇದಾಗುತ್ತೆ ಅಂತ ಅಂಚಿನಲ್ಲಿರೋರಿಗೆ ಹೇಳೋರ ಬಗ್ಗೆ ನನಗೊಂದು ಎಚ್ಚರ ಇದ್ದೇ ಇದೆ.

ನಾನು ಈಗ ಬೆಂಗಳೂರಲ್ಲಿದ್ದೀನಿ. ಬ್ಯಾಂಕ್ ಬಿಟ್ಟು ಎರಡು ವರ್ಷವಾಯ್ತು, ಪಂಪುಗಳ ಕಂಪನ, ಒತ್ತಡ, ಕರೆಂಟ್ ನೋಡಿ ಯಾವುದು ಕೆಡೋ ಹಾದಿಯಲ್ಲಿದೆ ಅಂತ ಮೊದಲೇ ಹೇಳೋ ಸಾಫ್ಟ್‌ವೇರ್ ಬರೀತೀನಿ. ಅಪ್ಪ ಗೋಡೆ ಪಕ್ಕ ತಲೆ ವಾಲಿಸಿ ಮಾಡಿದ್ದನ್ನ ಸೆನ್ಸರ್ ಇಟ್ಟು ಮಾಡೋದು. ಸಂಬಳ ಸ್ವಲ್ಪ ಕಡಿಮೆ. ಗ್ರೀಸ್ ಇನ್ನೂ ಕೈಗೆ ಹತ್ತಿಲ್ಲ, ಆದರೆ ಅಪ್ಪ ಆ ಮಾತು ಈಗ ಎತ್ತೋದಿಲ್ಲ.

ಚೆನ್ನೈ ಹತ್ತಿರ ಪೇರೂರಿನಲ್ಲಿ ದಿನಕ್ಕೆ 40 ಕೋಟಿ ಲೀಟರಿನ ಹೊಸ ಪ್ಲಾಂಟಿಗೆ 2023ರ ಆಗಸ್ಟ್‌ನಲ್ಲಿ ಅಡಿಗಲ್ಲು ಹಾಕಿದರು. ಆ ಸುದ್ದಿ ಓದಿ ಅಪ್ಪ ಫೋನ್ ಮಾಡಿದ್ದ. ರಿಟೈರ್ ಆದ ಮೇಲೆ ಅವನ ಹತ್ತಿರ ಪೇಪರಿನ ಅಂಚುಗಳು ಬೇಕಾದಷ್ಟಿವೆ.

"40 ಕೋಟಿ, ಸಾವಿರಕ್ಕೆ ಮೂರೂವರೆ. ದಿನಕ್ಕೆ 14 ಲಕ್ಷ ಯೂನಿಟ್. 24ರಿಂದ ಭಾಗಿಸಿದ್ರೆ 58 ಮೆಗಾವ್ಯಾಟ್. ಸರಿ ಇದೆಯಾ?"

"ಸರಿ ಇದೆ."

"ನಮ್ಮದು ಒಂದು ಮೆಷಿನ್ ನೂರಾ ಮೂರೂವರೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಹಗಲು ರಾತ್ರಿ." ಸ್ವಲ್ಪ ಹೊತ್ತು ಬಿಟ್ಟು, "ಆ ಬೆಂಡೆಕಾಯಿ ಇಲ್ದೇ ಇದ್ದಿದ್ರೆ ಆರು. ದಿನಕ್ಕೆ 24 ಲಕ್ಷ. ನೂರು ಮೆಗಾವ್ಯಾಟ್. ಪೂರ್ತಿ ಒಂದು ಮೆಷಿನ್ ಬರೀ ಅದಕ್ಕೇ ಓಡಬೇಕಿತ್ತು" ಅಂದ.

"ಹೂಂ ಅಪ್ಪ."

"ಅಲ್ಲಾ, ಅಷ್ಟು ಜೋರು ತಿರುಗುತ್ತಲ್ಲ, ಅದರ ಬೇರಿಂಗ್ ಯಾವುದು?"

ಬೇರಿಂಗೇ ಇಲ್ಲ, ಸೆರಾಮಿಕ್ ಸಂದಿಯೊಳಗೆ ನಿಲ್ಲೋ ನೀರಿನ ತೆಳು ಪದರದ ಮೇಲೇ ಅದು ತೇಲಿಕೊಂಡು ತಿರುಗುತ್ತೆ, ಮೋಟಾರೂ ಇಲ್ಲ, ಹರಿಯೋ ನೀರೇ ತಿರುಗಿಸುತ್ತೆ ಅಂದೆ. ಮೂವತ್ತು ಚಿಲ್ಲರೆ ವರ್ಷ ರಾತ್ರಿ ಪಾಳಿಯಲ್ಲಿ ಬೇರಿಂಗ್ ಬಿಸಿ ಮುಟ್ಟಿ ಮುಟ್ಟಿ ನೋಡಿದ ಮನುಷ್ಯ ಅದನ್ನ ಒಪ್ಪಲಿಲ್ಲ. ಮುಂದಿನ ಸಲ ಊರಿಗೆ ಬರುವಾಗ ಚಿತ್ರ ತಗೊಂಡು ಬಾ ಅಂದಿದ್ದಾನೆ.